ಟವರ್ ಹಾಕಿಸಿದ್ದೀರಂತೆ

ನಮ್ಮ ತಾರಸಿಯ ಮೇಲೆ ಎರಡು ಬಿಳಿ ಕಂಬ ಎದ್ದು ನಿಂತ ಮೂರನೆಯ ದಿನ ಎದುರುಮನೆಯ ನಿವೃತ್ತ ಮೇಷ್ಟ್ರು ಗೇಟಿನ ತನಕ ಬಂದರು. ಒಳಗೆ ಬರಲಿಲ್ಲ. “ಟವರ್ ಹಾಕಿಸಿದ್ದೀರಂತೆ, ತಿಂಗಳಿಗೆ ಬಾಡಿಗೆ ಎಷ್ಟು ಕೊಡ್ತಾರೆ?” ಎಂದರು. ಯಾರೂ ಏನೂ ಕೊಡುವುದಿಲ್ಲ, ನಾನೇ ಕೈಯಿಂದ ದುಡ್ಡು ಹಾಕಿ ನಿಲ್ಲಿಸಿದ್ದು ಎಂದೆ. ಮುಖದ ಮೇಲಿದ್ದ ಅಸೂಯೆ ಇಳಿದು ಆ ಜಾಗಕ್ಕೆ ಕನಿಕರ ಬಂತು. “ಮತ್ತೆ ರೇಡಿಯೇಶನ್?” “ಇಲ್ಲ ಸಾರ್, ಪಾಲಕ್ ಸೊಪ್ಪು.”

ಮೈಸೂರಿನ ಮನೆಗಳಲ್ಲಿ ತಾರಸಿ ಎಂದರೆ ಸಂಡಿಗೆ ಒಣಗಿಸುವುದಕ್ಕೆ, ಸೋಲಾರ್ ಇಡುವುದಕ್ಕೆ, ಮುರಿದ ಕುರ್ಚಿ ಒಗೆಯುವುದಕ್ಕೆ. ಅಲ್ಲಿ ಮೀನು ಸಾಕುತ್ತೇನೆಂದು ಹೇಳಿದಾಗ ಮನೆಯಲ್ಲಿ ಒಂದು ಗಳಿಗೆ ಮೌನ ನೆಲೆಸಿತು. ನಮ್ಮದು ಈರುಳ್ಳಿಯನ್ನೇ ಮೊನ್ನೆ ಮೊನ್ನೆ ಒಳಗೆ ಬಿಟ್ಟುಕೊಂಡ ಅಡುಗೆಮನೆ. ತಿನ್ನುವುದಕ್ಕಲ್ಲ, ಸಾಕುವುದಕ್ಕೆ ಎಂದು ಸಮಾಧಾನ ಹೇಳಿದೆ. ಇದಕ್ಕೆ ಅಕ್ವಾಪೋನಿಕ್ಸ್ ಅನ್ನುತ್ತಾರೆ ಎಂದೆ. ಅಮ್ಮನ ಕಿವಿ ಈಚೆಗೆ ಸ್ವಲ್ಪ ಮಂದ. “ಅಕ್ಕ ಪೋಣಿಸಿದ್ದಾ? ಯಾವ ಅಕ್ಕನೋ?” ಎಂದು ಕೇಳಿದಳು.

ಆಮೇಲೆ ಯೋಚಿಸಿದರೆ ಅವಳ ಮಾತೇ ಸರಿ. ಇದು ಪೋಣಿಸುವ ಕೆಲಸವೇ. ಮೀನು ನೀರಿಗೆ ಅಮೋನಿಯಾ ಬಿಡುತ್ತದೆ, ಹೆಚ್ಚಿನ ಪಾಲು ಕಿವಿರಿನ ಮೂಲಕವೇ. ಕಲ್ಲಿಗೆ ಅಂಟಿ ಬದುಕುವ ನೈಟ್ರೊಸೊಮೊನಾಸ್ ಎಂಬ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೊಸ್ಪೈರಾದಂಥ ಇನ್ನೊಂದು ಜಾತಿ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಗಿಡ ನೈಟ್ರೇಟ್ ಉಂಡು ನೀರನ್ನು ತಿಳಿ ಮಾಡಿ ಮೀನಿಗೆ ವಾಪಸು ಕೊಡುತ್ತದೆ. ಅಮೆರಿಕದ ವರ್ಜಿನ್ ಐಲ್ಯಾಂಡ್ಸ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ರಕೋಸಿ ಎಂಬವರು ದಶಕಗಳ ಕಾಲ ಟಿಲಾಪಿಯ ಮೀನಿನ ನೀರಿನಲ್ಲಿ ತುಳಸಿಯ ಜಾತಿಯ ಬೇಸಿಲ್, ಲೆಟ್ಯೂಸ್ ಬೆಳೆಸಿ ಇದನ್ನೊಂದು ಶಾಸ್ತ್ರವಾಗಿ ಕಟ್ಟಿದರು. ಸುತ್ತ ಕಡಲು, ಕುಡಿಯುವ ನೀರಿಗೆ ತತ್ವಾರ ಇರುವ ದ್ವೀಪ ಅದು. ಒಂದೇ ನೀರನ್ನು ಎರಡು ಸಲ ದುಡಿಸುವ ಬುದ್ಧಿ ಅಂಥಲ್ಲಿ ಹುಟ್ಟಿದ್ದು ಸಹಜ. ಟಿಲಾಪಿಯ ಅಂದರೆ ನಮ್ಮ ಮಾರ್ಕೆಟ್ಟಿನ ಜಿಲೇಬಿ ಮೀನು. ಈ ಹೆಸರು ಕೇಳಿ ಅಮ್ಮ ಆಮೇಲೆ ಒಂದು ವಾರ ಸಿಹಿ ಜಿಲೇಬಿಯನ್ನೂ ಮುಟ್ಟಲಿಲ್ಲ. ನಾನು ತಂದದ್ದು ಹತ್ತು ಗೋಲ್ಡ್ ಫಿಶ್.

ಸಪಾಟಾಗಿ ತೊಟ್ಟಿ ಇಟ್ಟರೆ ಅರ್ಧ ತಾರಸಿ ಹೋಗುತ್ತದೆ, ಸಂಡಿಗೆಗೆ ಜಾಗ ಬೇಡವೇ ಎಂಬ ಪ್ರಶ್ನೆ ಬಂದದ್ದರಿಂದ ಮೇಲಕ್ಕೆ ಬೆಳೆಸುವ ಕಂಬಗಳೇ ಗತಿಯಾದವು. ಗೋಡೆಯ ಮೇಲೆ ನೆಟ್ಟಗೆ ಗಿಡ ಬೆಳೆಸುವ ಚೌಕಟ್ಟಿಗೆ 1938ರಷ್ಟು ಹಿಂದೆಯೇ ಇಲಿನಾಯ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಹಾರ್ಟ್ ವೈಟ್ ಪೇಟೆಂಟ್ ಪಡೆದಿದ್ದರು. ಮಲೆನಾಡಿನ ತೋಟದವರಿಗೆ ಈ ಸುದ್ದಿ ಹೇಳಿದರೆ ನಕ್ಕಾರು. ಅಡಿಕೆ ಮರದ ಮೈತುಂಬ ಮೆಣಸಿನ ಬಳ್ಳಿಯನ್ನೋ ವೀಳ್ಯದ ಬಳ್ಳಿಯನ್ನೋ ಹಬ್ಬಿಸಿ, ಬುಡದಲ್ಲಿ ಏಲಕ್ಕಿ ಇಟ್ಟು, ಒಂದು ಹೆಜ್ಜೆ ನೆಲದಲ್ಲಿ ಮೂರು ಬೆಳೆ ತೆಗೆದವರು ಯಾವ ಕಚೇರಿಗೂ ಅರ್ಜಿ ಹಾಕಲಿಲ್ಲ.

ಈಗ ಕಂಬ ಮಾಡುವ ಬಗೆ. ನಾಲ್ಕು ಇಂಚಿನ ಪಿವಿಸಿ ಪೈಪು, ಅಂದರೆ ಶೌಚಾಲಯದ ಲೈನಿಗೆ ಹಾಕುವಂಥದ್ದು. ಹೊಸದು, ಬಳಸಿದ್ದಲ್ಲ ಎಂದು ಮನೆಯವರಿಗೆ ರಸೀದಿ ತೋರಿಸಬೇಕಾಯಿತು. ಹತ್ತಡಿಯದನ್ನು ಎರಡು ಮಾಡಿದರೆ ಐದೈದು ಅಡಿಯ ಎರಡು ಕಂಬ. ಪೈಪಿಗೆ ಅಡ್ಡಡ್ಡ ನಾಲ್ಕು ಇಂಚಿನ ಸೀಳು ಕೊಯ್ಯಬೇಕು. ಸೀಳಿನ ಸುತ್ತ ಬಿಸಿ ತಾಗಿಸಿದರೆ ಪ್ಲಾಸ್ಟಿಕ್ಕು ಹಪ್ಪಳದ ಹಿಟ್ಟಿನಂತೆ ಮೆತ್ತಗಾಗುತ್ತದೆ. ಆಗ ಬಾಟಲಿಯೊಂದನ್ನು ಓರೆಯಾಗಿ ಒಳಗೆ ನೂಕಿ, ಒದ್ದೆ ಬಟ್ಟೆ ಒತ್ತಿ ಹಿಡಿದರೆ ಅಂಗಿಯ ಜೇಬಿನಂಥ ಬಾಯಿ ಮೂಡುತ್ತದೆ. ಗಿಡ ಕೂರುವುದು ಆ ಜೇಬಿನಲ್ಲಿ. ಬಿಸಿ ಮಿತಿ ಮೀರಿ ಪೈಪು ಕಂದಿದರೆ ಬರುವ ಹೊಗೆ ಒಳ್ಳೆಯದಲ್ಲ, ಬಯಲಲ್ಲೇ ಮಾಡಬೇಕು. ನಮ್ಮ ಪ್ಲಂಬರು ಹೀಟ್ ಗನ್ನನ್ನು ತಿರಸ್ಕಾರದಿಂದ ನೋಡಿ ಹಳೇ ಪೇಪರು ಸುರುಳಿ ಸುತ್ತಿ ಬೆಂಕಿ ಹಚ್ಚಿದ. ಪೈಪಿನ ಬಾಯಿ ಅಗಲಿಸಲು ಅವರೆಲ್ಲ ಮಾಡುವುದು ಹಾಗೆಯೇ.

ಬಾಟಲಿಯ ವಿಷಯ ಸ್ವಲ್ಪ ಸೂಕ್ಷ್ಮ. ಕತ್ತಿನ ಕಡೆ ಸಣ್ಣಗಾಗುತ್ತ ಬರುವ ಗಟ್ಟಿ ಗಾಜು ಬೇಕು. ಅಂಥದ್ದು ಬಿಯರ್ ಬಾಟಲಿಯೇ. ಗುಜರಿ ಅಂಗಡಿಯಿಂದ ಎರಡು ಖಾಲಿ ಬಾಟಲಿ ಚೀಲದಲ್ಲಿ ತರುತ್ತಿರುವಾಗ ದಾರಿಯಲ್ಲಿ ಸಿಕ್ಕವರು ಇದೇ ಮೇಷ್ಟ್ರು. ಚೀಲ ಟಣ್ ಎಂದಿತು. ಗಿಡಕ್ಕೆ ಎಂದೆ. ಅವರು “ಹೂಂ, ಹೂಂ” ಎಂದರು. ಆ ಎರಡು ಹೂಂಗಳ ಅರ್ಥವನ್ನು ಈವರೆಗೂ ಬಿಡಿಸಿಕೊಂಡಿಲ್ಲ.

ಮೊದಲ ಕಂಬ ನನ್ನ ದುರಾಸೆಯಿಂದ ಹೋಯಿತು. ಸುತ್ತಲೂ ಗಿಡ ಬರಲಿ ಎಂದು ಒಂದೇ ಮಟ್ಟದಲ್ಲಿ ಮೂರು ಸೀಳು ಹಾಕಿದೆ. ನಾಲ್ಕಿಂಚು ಪೈಪಿನ ಸುತ್ತಳತೆ ಸುಮಾರು ಹದಿಮೂರೂವರೆ ಇಂಚು. ಹನ್ನೆರಡು ಇಂಚು ಕೊಯ್ದಮೇಲೆ ಉಳಿಯುವುದು ಒಂದೂವರೆ. ಎತ್ತಿ ನಿಲ್ಲಿಸಿದಾಗ ಕಬ್ಬು ಮುರಿದ ಹಾಗೆ ಲಟಕ್ಕೆಂದಿತು. ಇನ್ನೊಂದು ಪೈಪು ತಂದು ಎದುರು ಬದುರು ಎರಡೇ ಸೀಳು, ಎಂಟು ಇಂಚು ಮೇಲೆ ಕಾಲು ಸುತ್ತು ತಿರುಗಿಸಿ ಮತ್ತೆರಡು, ಹೀಗೆ ಆರು ಸಾಲು ಹಾಕಿದೆ. ಕಂಬಕ್ಕೆ ಹನ್ನೆರಡು ಜೇಬು. ಬಿಸಿಲಿಗೆ ಕಾಯದಂತೆ, ಒಳಗೆ ಬೆಳಕು ಹೋಗಿ ಪಾಚಿ ಕಟ್ಟದಂತೆ ಹೊರಗೆ ಬಿಳಿ ಬಣ್ಣ. ಟವರಿನ ಅಪಖ್ಯಾತಿ ಬಂದದ್ದು ಈ ಬಣ್ಣದಿಂದ.

ಒಳಗೆ ಏನು ತುಂಬುವುದು? ಜಲ್ಲಿ ತುಂಬಿದರೆ ಒಂದು ಕಂಬಕ್ಕೆ ಹನ್ನೆರಡು ಲೀಟರು ಹಿಡಿದು ಹದಿನೆಂಟು ಕಿಲೋ ತೂಗುತ್ತದೆ. ತೆಂಗಿನ ನಾರಿನ ಪುಡಿ ಹಗುರ, ಆದರೆ ತೊಳೆದು ಹೋಗಿ ಪಂಪಿನ ಬಾಯಿಗೆ ಕೂರುತ್ತದೆ. ಕೊನೆಗೆ ಅಟ್ಟದಲ್ಲಿದ್ದ ಹಳೆಯ ನೈಲಾನ್ ಸೊಳ್ಳೆಪರದೆ ನೆನಪಾಯಿತು. ಕತ್ತರಿಸಿ, ಮುದ್ದೆ ಮಾಡಿ ತುರುಕಿದೆ. ಕೊಳೆಯುವುದಿಲ್ಲ, ಭಾರವಿಲ್ಲ, ನೀರು ಎಳೆ ಎಳೆಯಾಗಿ ಇಳಿಯುತ್ತದೆ. ಇಡೀ ಸಾಹಸದಲ್ಲಿ ನಿಜಕ್ಕೂ ಕಡಿಮೆ ಖರ್ಚಿನದು ಅಂದರೆ ಇದೊಂದೇ. ಜಲ್ಲಿಯನ್ನು ಪೇಂಟಿನ ಖಾಲಿ ಬಕೆಟ್ಟಿಗೆ ಹಾಕಿ ಸೋಸುವುದಕ್ಕೂ ಬ್ಯಾಕ್ಟೀರಿಯಾದ ಸಂಸಾರಕ್ಕೂ ಬಿಟ್ಟೆ. ನಮ್ಮ ಕಡೆಯ ಜಲ್ಲಿ ಗ್ರಾನೈಟಿನದು, ನೀರಿನ ಗುಣ ಕೆಡಿಸುವುದಿಲ್ಲ. ಸುಣ್ಣದ ಕಲ್ಲಾದರೆ ಕೂಡದು. ವಿನಿಗರ್ ಹನಿಸಿದರೆ ನೊರೆ ಬರುವುದೇ ಅದರ ಗುರುತು.

ಇನ್ನು ಪಂಪು. ಕೂಲರಿಗೆ ಹಾಕುವ 18 ವ್ಯಾಟಿನ ಪಂಪು ತಂದೆ. ದಿನವಿಡೀ ಓಡಿದರೂ ಅರ್ಧ ಯೂನಿಟ್ಟಿಗಿಂತ ಕಮ್ಮಿ ಕರೆಂಟು. ಡಬ್ಬದ ಮೇಲೆ ಎಚ್ ಮ್ಯಾಕ್ಸ್ 1.85 ಮೀಟರ್ ಎಂದು ಬರೆದಿತ್ತು. ಅಷ್ಟು ಎತ್ತರಕ್ಕೆ ನೀರು ಸುರಿಯುತ್ತದೆ ಎಂದುಕೊಂಡದ್ದು ನನ್ನ ಪೆದ್ದುತನ. ಅಷ್ಟು ಎತ್ತರಕ್ಕೆ ಹೋಗಿ ನೀರು ನಿಲ್ಲುತ್ತದೆ ಎಂಬುದು ಅದರ ಅರ್ಥ. ಮೀನಿಗೆಂದು ಇಟ್ಟ ನೀಲಿ ಡ್ರಮ್ಮಿನ ಬಾಯಿಯ ಮೇಲೆ ಕಂಬ ನಿಂತಿತ್ತು, ಡ್ರಮ್ಮಿನ ನೀರಿನ ಮಟ್ಟದಿಂದ ಕಂಬದ ತಲೆಗೆ 6 ಅಡಿ 2 ಇಂಚು, ಅಂದರೆ 1.88 ಮೀಟರ್. ಪಂಪು ಗುಂಯ್‌ಗುಟ್ಟುತ್ತಿದೆ, ಮೇಲೆ ಒಂದು ಹನಿಯಿಲ್ಲ. ಮೂರು ಸೆಂಟಿಮೀಟರಿನಲ್ಲಿ ಸ್ವರ್ಗ ತಪ್ಪಿತ್ತು. ಪ್ಲಂಬರು ಕತ್ತೆತ್ತಿ ನೋಡಿ, “ಕಂಬ ಕುಯ್ದುಬಿಡಿ ಸಾರ್” ಎಂದ. ದೊಡ್ಡ ಪಂಪು ತರುವುದಿತ್ತು. ಆದರೆ ಖರ್ಚಿನ ಚೀಟಿಯನ್ನು ಆಗಲೇ ನಾನು ಪಂಚಾಂಗದೊಳಗೆ ಬಚ್ಚಿಡುವ ಹಂತಕ್ಕೆ ಬಂದಿದ್ದೆ. ಒಂದೂವರೆ ಅಡಿ ಕುಯ್ದೆವು. ಹನ್ನೆರಡು ಜೇಬು ಎಂಟಾಯಿತು.

ಮೀನಿನ ಕತೆಯಲ್ಲಿ ನನಗೆ ಮುಖವಿಲ್ಲ. ನಲ್ಲಿಯ ಕ್ಲೋರಿನ್ ಹೋಗಲೆಂದು ನೀರನ್ನು ಎರಡು ದಿನ ತೆರೆದಿಟ್ಟದ್ದೇನೋ ಹೌದು. ಮೂರನೆಯ ದಿನವೇ ಹತ್ತೂ ಮೀನು ಬಿಟ್ಟೆ. ವಾರದೊಳಗೆ ಮೂರು ಸತ್ತವು. ಬ್ಯಾಕ್ಟೀರಿಯಾ ಬಂದು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು, ಅಲ್ಲಿಯತನಕ ಅಮೋನಿಯಾ ಮೀನಿಗೇ ವಿಷ. ಇದನ್ನು ವಿವರಿಸಿದಾಗ ಅಮ್ಮ, “ಹೆಪ್ಪು ಹಾಕದೆ ಹಾಲು ಮೊಸರಾಗ್ತದೇನೋ ಮಾರಾಯ?” ಎಂದಳು. ಅವಳ ಮಾತಿನಂತೆ, ಹಳೆಯ ಮೀನುತೊಟ್ಟಿಯಿರುವ ಗೆಳೆಯನ ಮನೆಯಿಂದ ಒದ್ದೆ ಜಲ್ಲಿ ಎರಡು ಬೊಗಸೆ ತಂದು ನಮ್ಮ ಬಕೆಟ್ಟಿಗೆ ಹೆಪ್ಪು ಹಾಕಿದೆ. ಉಳಿದ ಏಳು ಉಳಿದವು. ಶೃಂಗೇರಿಯ ತುಂಗೆಯಲ್ಲಿ ಮೀನಿಗೆ ಮಂಡಕ್ಕಿ ಎರಚಿ ಅಭ್ಯಾಸವಿದ್ದ ಅಮ್ಮ ಅವಕ್ಕೂ ಎರಚಲು ಹೋಗಿ, ಹೆಚ್ಚು ತಿಂದರೆ ಹೆಚ್ಚು ಅಮೋನಿಯಾ ಎಂದು ನನ್ನಿಂದ ತಡೆಸಿಕೊಂಡಳು. ಮನುವಿನ ಬೊಗಸೆಗೆ ಬಂದ ಮೀನು ಗಡಿಗೆ ಸಾಲದೆ ಕೊಳಕ್ಕೆ, ಕೊಳ ಸಾಲದೆ ನದಿಗೆ, ಕಡೆಗೆ ಸಮುದ್ರಕ್ಕೆ ಹೋದ ಕತೆ ಹೇಳಿ ಸೇಡು ತೀರಿಸಿಕೊಂಡಳು. ಇನ್ನೂರು ಲೀಟರಿನ ಡ್ರಮ್ಮು ತುಂಬಿದರೆ ಇನ್ನೂರು ಕಿಲೋ. ಅದನ್ನು ತೊಲೆಯ ಮೇಲೆ ಬರುವಂತೆ ಇಟ್ಟದ್ದೇ ನನ್ನ ಪುಣ್ಯ. ನಮ್ಮ ತಾರಸಿಗೆ ಮತ್ಸ್ಯಾವತಾರ ತಡೆಯದು.

ಗಿಡಗಳು ಬಂದವು. ಪುದೀನ ಪುಂಡನಂತೆ ಬೆಳೆಯಿತು. ಸದಾ ತೇವ ಬೇಡುವ ಒಂದೆಲಗಕ್ಕೆ ತವರುಮನೆ ಸಿಕ್ಕ ಹಾಗಾಯಿತು. ಪಾಲಕ್ಕಿನ ಎಳೆಯ ಎಲೆಗಳು ನರ ಹಸಿರಾಗಿಯೇ ಉಳಿದು ನಡುವೆ ಹಳದಿಯಾದವು. ಮೀನಿನ ಆಹಾರದಲ್ಲಿ ಗಿಡಕ್ಕೆ ಬೇಕಾದಷ್ಟು ಕಬ್ಬಿಣ ಇರುವುದಿಲ್ಲವಂತೆ. ತುಕ್ಕು ಮೊಳೆ ಹಾಕಿ ನೋಡಿದೆ, ಪ್ರಯೋಜನವಿಲ್ಲ. ಗಿಡ ಹೀರಬಲ್ಲ ಚಿಲೇಟೆಡ್ ಕಬ್ಬಿಣವನ್ನೇ ತರಬೇಕಾಯಿತು. ಚೀಟಿಗೆ ಇನ್ನೊಂದು ಸಾಲು.

ರಾತ್ರಿ ಕರೆಂಟು ಹೋದರೆ ಮೊದಲೆಲ್ಲ ಸೆಕೆಗೆ ಎಚ್ಚರವಾಗುತ್ತಿತ್ತು. ಈಗ ನೀರಿನ ಸದ್ದು ನಿಂತದ್ದಕ್ಕೆ ಎಚ್ಚರವಾಗುತ್ತದೆ. ನಾನು ಟಾರ್ಚು ಹಿಡಿದು ತಾರಸಿಗೆ ಹೋಗಿ ಮಗ್ಗಿನಲ್ಲಿ ನೀರೆತ್ತಿ ಎತ್ತರದಿಂದ ಸುರಿಯುತ್ತೇನೆ, ಮೀನಿಗೆ ಉಸಿರಾಡಲು ಗಾಳಿ ಬೆರೆಯಲಿ ಎಂದು. ಎದುರುಮನೆಯ ಕಿಟಕಿಯಲ್ಲೂ ಒಂದು ಟಾರ್ಚು ಕಾಣುತ್ತದೆ. ನಡುರಾತ್ರಿ ಟವರಿಗೆ ಅಭಿಷೇಕ ಮಾಡುವವನ ಬಗ್ಗೆ ಅಲ್ಲಿ ಏನು ಮಾತಾಗುತ್ತದೋ.

ಅಮ್ಮನಿಗೆ ಮಾತ್ರ ಮೊದಲಿನಿಂದಲೂ ಒಂದೇ ಆಕ್ಷೇಪ. “ತೀರ್ಥಹಳ್ಳಿ ಮನೇಲಿ ಬಚ್ಚಲ ನೀರು ಹೋಗೋ ಕಡೆ ಬಸಳೆ ಚಪ್ಪರ ಇತ್ತು, ಕೆಸು ಇತ್ತು. ಮಿಂದ ನೀರೇ ಹುಳಿಯಾಗ್ತಿತ್ತು. ಪಂಪೆಲ್ಲಿತ್ತು?” ಉತ್ತರ ಹೇಳದೆ ಜಾರಿಕೊಳ್ಳುತ್ತಿದ್ದೆ. ಒಂದು ದಿನ ಅವಳು ಯಾರಿಗೂ ಹೇಳದೆ, ಡ್ರಮ್ಮಿನಿಂದ ನೀರು ತುಳುಕುವ ಕಡೆ ಒಂದು ಒಡಕು ಕುಂಡ ಇಟ್ಟು ಬಸಳೆಯ ದಂಟು ಚುಚ್ಚಿಬಿಟ್ಟಿದ್ದಾಳೆ. ಎರಡು ತಿಂಗಳಲ್ಲಿ ಅದು ಹೊರಗಿನಿಂದಲೇ ಕಂಬಕ್ಕೆ ಸುತ್ತಿ, ಜೇಬುಗಳನ್ನು ಮುಚ್ಚಿ, ತುದಿ ದಾಟಿ ಬಟ್ಟೆ ಒಣಗಿಸುವ ತಂತಿ ಹಿಡಿದಿದೆ. ಪಾಲಕ್ ಎಲ್ಲಿದೆಯೆಂದು ಹುಡುಕಬೇಕು.

ಮೊನ್ನೆ ಮೇಷ್ಟ್ರ ಮನೆಗೆ ಒಂದು ಬಟ್ಟಲು ಬಸಳೆ ಹುಳಿ ಹೋಯಿತು. ಬಟ್ಟಲು ವಾಪಸು ಕೊಡಲು ಬಂದವರು ಈ ಸಲ ಗೇಟು ದಾಟಿ ಒಳಗೇ ಬಂದರು. “ಟವರಿಂದಾ?” ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅಮ್ಮ, “ಅಲ್ಲ, ಕುಂಡದ್ದು” ಎಂದಳು.