ತೊಗಟೆ ತೆಗೆಯದ ಹಲಸಿನ ದಿಮ್ಮಿ

ಉಪ್ಪಳದಿಂದ ಮಂಗಳೂರಿನವರೆಗೆ ಹೊಸ ಮನೆಗಳ ಹಾಲ್‌ನಲ್ಲಿ, ಕೆಫೆಗಳಲ್ಲಿ ಈಗ ತೊಗಟೆ ತೆಗೆಯದ ಮರದ ದಿಮ್ಮಿಗಳು ಕಾಣಸಿಗುತ್ತವೆ. ಒಂದು ಕಡೆ ಸ್ಟೂಲ್, ಇನ್ನೊಂದು ಕಡೆ ಟೀಪಾಯಿ, ಮತ್ತೊಂದು ಕಡೆ ಮೂಲೆಯಲ್ಲಿ ಸುಮ್ಮನೆ ನಿಲ್ಲಿಸಿದ ಕಾಂಡ. ಫೋಟೋದಲ್ಲಿ ಚೆಂದ. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಸರಿಯಾಗಿ ಒಣಗದ ನಮ್ಮ ಊರಲ್ಲಿ ತೊಗಟೆ ಎಷ್ಟು ದಿನ ನಿಂತೀತು? ನಮ್ಮ ಮನೆಯಲ್ಲಿ ಈ ಪ್ರಶ್ನೆ ಬಂದದ್ದು ಅಲಂಕಾರದ ಆಸೆಯಿಂದ ಅಲ್ಲ.

ಹೆದ್ದಾರಿ 66 ಆರು ಪಥವಾಗುವಾಗ ನಮ್ಮ ಅಂಗಳದ ಮುಂಭಾಗ ರಸ್ತೆಗೆ ಹೋಯಿತು. ಅದರೊಂದಿಗೆ, ಉಮ್ಮ ಮದುವೆಯಾಗಿ ಬಂದ ವರ್ಷ ನೆಟ್ಟ ಹಲಸಿನ ಮರವೂ ಹೋಗಬೇಕಾಯಿತು. ದುಬೈಯಲ್ಲಿರುವ ಅಣ್ಣ ಫೋನ್ ಮಾಡಿ, "ಪೂರ್ತಿ ಹಲಗೆ ಮಾಡಿಸು, ಹೊಸ ಮನೆಯ ಬಾಗಿಲುಗಳಿಗೆ ಆಗುತ್ತದೆ" ಎಂದ. ಅವನ ಮಾತಲ್ಲಿ ತಪ್ಪಿಲ್ಲ. ಹಲಸಿನ ಚೇಗಿಗೆ ಒರಲೆ ಸುಲಭವಾಗಿ ಹಿಡಿಯುವುದಿಲ್ಲ. ಹಳದಿ ಬಣ್ಣ ವರ್ಷ ಕಳೆದಂತೆ ಕಂದು ಬಣ್ಣಕ್ಕೆ ತಿರುಗಿ ಇನ್ನೂ ಚೆಂದವಾಗುತ್ತದೆ.

ಉಮ್ಮ ಕೇಳಿದ್ದು ಬುಡದ ನಾಲ್ಕು ಅಡಿ ಮಾತ್ರ, ಅದೂ ತೊಗಟೆ ಸಮೇತ. ಆ ಭಾಗದಲ್ಲಿ ಉಪ್ಪ ಮರ ಹತ್ತಲು ಕತ್ತಿಯಿಂದ ಕಡಿದ ಎರಡು ಮೆಟ್ಟಿಲುಗಳಿದ್ದವು. ವರ್ಷ ವರ್ಷವೂ ಹಣ್ಣು ಬಿಟ್ಟ ಗಂಟುಗಳಿದ್ದವು. ಉಪ್ಪ ತೀರಿ ಹನ್ನೊಂದು ವರ್ಷ. "ಹಲಗೆ ಮಾಡಿದರೆ ಯಾರ ಮನೆಯ ಮರವೆಂದು ಯಾರಿಗೆ ಗೊತ್ತಾಗುತ್ತದೆ ಮೋನೆ?" ಎಂದರು ಉಮ್ಮ.

ಆಚಾರಿ ಮಾತ್ರ ತಲೆಯಾಡಿಸಿದರು. "ಬ್ಯಾರಿಗಳೇ, ತೊಗಟೆ ಮರಕ್ಕೆ ಅಂಟಿಕೊಂಡಿರುವುದು ಜೀವ ಇರುವ ತನಕ. ಒಣಗುವಾಗ ಮರ ಕುಗ್ಗುತ್ತದೆ, ತೊಗಟೆ ಸಡಿಲವಾಗುತ್ತದೆ. ನಡುವೆ ತೇವ ನಿಂತರೆ ಬೂಷ್ಟು, ಆಮೇಲೆ ಹುಳ." ತೊಗಟೆಯ ಕೆಳಗಿನ ಬಿಳಿಮರದಲ್ಲಿ ಪಿಷ್ಟ ಇರುತ್ತದೆ, ಕುಟ್ಟೆ ಹುಳಕ್ಕೆ ಬೇಕಾದದ್ದು ಅದೇ. ಗಲ್ಫಿನಿಂದ ಕಾರ್ಗೋದಲ್ಲಿ ಬರುವ ಮರದ ಪೆಟ್ಟಿಗೆಯ ಮೇಲೆ ತೆನೆಯ ಚಿತ್ರದ ಮುದ್ರೆ ನೋಡಿರಬಹುದು. ಅಂಥ ಮರದ ತೊಗಟೆ ತೆಗೆದಿರಬೇಕು, ಬಿಸಿಯಲ್ಲಿ ಸಂಸ್ಕರಿಸುವುದಾದರೆ ಒಳಗಿನ ತನಕ 56 ಡಿಗ್ರಿ ಸೆಲ್ಸಿಯಸ್ ಶಾಖ 30 ನಿಮಿಷ ತಾಗಿರಬೇಕು ಎಂಬುದು ಅಂತಾರಾಷ್ಟ್ರೀಯ ನಿಯಮ. ತೊಗಟೆಯೊಳಗಿನ ಹುಳಕ್ಕೆ ಜಗತ್ತೇ ಹೆದರುತ್ತದೆ.

ಆದರೂ ಆಚಾರಿ ಕೈಬಿಡಲಿಲ್ಲ. ಮರ ಕಡಿದದ್ದು ಫೆಬ್ರವರಿಯಲ್ಲಿ. ಮಳೆಗಾಲದ ಹಸಿ ಮರಕ್ಕಿಂತ ಬೇಸಗೆಯ ಮರದಲ್ಲಿ ತೊಗಟೆ ಬಿಗಿಯಾಗಿರುತ್ತದೆ ಎಂದರು. ದಿಮ್ಮಿಯ ಎರಡೂ ತುದಿಗೆ ಮೇಣ ಬಳಿದೆವು, ತುದಿ ಬೇಗ ಒಣಗಿ ಸೀಳದಿರಲೆಂದು. ಹಿಂಬದಿಯಲ್ಲಿ ಗರಗಸದಿಂದ ಉದ್ದಕ್ಕೆ, ನಡುವಿನವರೆಗೆ ಒಂದು ಸೀಳು ಹಾಕಿದರು. ಹೇಗೂ ಬಿರುಕು ಬರುತ್ತದೆ, ನಾವು ಹೇಳಿದ ಕಡೆ ಬರಲಿ ಎಂಬುದು ಲೆಕ್ಕ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲ ಕಲಸಿದ ನೀರನ್ನು ಎರಡು ಸಲ ಬಳಿದು, ಕೆಂಪುಕಲ್ಲಿನ ಮೇಲೆ ಎತ್ತರಿಸಿ, ಗಾಳಿಯಾಡುವ ಕೊಟ್ಟಿಗೆಯಲ್ಲಿ ಒಂದೂವರೆ ವರ್ಷ ಇಟ್ಟೆವು. ಉಳಿದ ಕಾಂಡ ಅಣ್ಣ ಹೇಳಿದಂತೆ ಬಾಗಿಲುಗಳಾಯಿತು.

ಈಗ ದಿಮ್ಮಿ ಹೊಸ ಮನೆಯ ಹಾಲ್‌ನಲ್ಲಿ, ಕಿಟಕಿಯ ಪಕ್ಕದಲ್ಲಿದೆ. ನೆಲದ ತೇವ ಏರದಂತೆ ಅಡಿಗೆ ಕಲ್ಲು ಕೊಟ್ಟಿದ್ದೇವೆ, ಗೋಡೆಗೆ ತಾಗಿಸಿಲ್ಲ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಉಮ್ಮ ಬುಡದಲ್ಲಿ ಬೆರಳು ಆಡಿಸಿ ಹುಡಿ ಬಿದ್ದಿದೆಯೇ ಎಂದು ನೋಡುತ್ತಾರೆ. ಹುಡಿ ಬಿದ್ದರೆ ಹುಳ ಬಂದಿದೆ ಎಂದರ್ಥ.

ಕಳೆದ ಮಳೆಗಾಲದಲ್ಲಿ ಒಂದು ಬದಿಯ ತೊಗಟೆ ಅಂಗೈ ಅಗಲ ಕಳಚಿ ಬಿತ್ತು, ಸರಿಯಾಗಿ ಉಪ್ಪನ ಮೆಟ್ಟಿಲಿನ ಹತ್ತಿರ. ನಾನು ಅಂಟು ತರಲು ಹೊರಟೆ. ಉಮ್ಮ ಕರೆದು ತೋರಿಸಿದರು: ಕತ್ತಿಯ ಏಟು ತೊಗಟೆ ದಾಟಿ ಮರಕ್ಕೇ ತಾಗಿತ್ತು, ಗುರುತು ಅಲ್ಲೂ ಇತ್ತು. "ಬಿದ್ದದ್ದು ಬೀಳಲಿ, ಇದು ಹೋಗುವುದಿಲ್ಲ" ಎಂದರು.

ಮನೆ ಕಟ್ಟುವವರು ಯಾರಾದರೂ ಇಂಥ ದಿಮ್ಮಿ ಇಡಬೇಕೆಂದಿದ್ದರೆ ಅಂಗಡಿಯದ್ದನ್ನು ದುಡ್ಡು ಕೊಟ್ಟು ತರುವ ಮೊದಲು ಸ್ವಂತ ಹಿತ್ತಿಲು ನೋಡಿ. ಕಡಿಯಲೇಬೇಕಾದ ಮರವೊಂದು ಅಲ್ಲಿದ್ದರೆ, ಕಡಿಯುವ ಮೊದಲೇ ಆಚಾರಿಯನ್ನು ಕರೆಸಿ. ಯಾವ ತುಂಡು ಉಳಿಸಬೇಕೆಂದು ಮಾತ್ರ ಮನೆಯ ಹಿರಿಯರನ್ನು ಕೇಳಿ.