ಮೈಮೂನಾರ ಕಲ್ಲು

ಮಾಲ್ಟಾದಲ್ಲಿ ಉದ್ಯೋಗದಲ್ಲಿರುವ ಮಗನ ಒತ್ತಾಯಕ್ಕೆ ಮಣಿದು ಕಳೆದ ಚಳಿಗಾಲದಲ್ಲಿ ನಾನೂ ಪತ್ನಿಯೂ ಅಲ್ಲಿಗೆ ಹೋಗಿದ್ದೆವು. ಅವನಿಗೆ ರಜೆ ಸಿಕ್ಕಿದ್ದು ಮೂರೇ ದಿನ. ಆ ಮೂರು ದಿನಗಳನ್ನು ಪಕ್ಕದ ಪುಟ್ಟ ದ್ವೀಪವಾದ ಗೋಜೋದಲ್ಲಿ ಕಳೆದೆವು. ಹಡಗಿನಲ್ಲಿ ಇಪ್ಪತ್ತೈದು ನಿಮಿಷಗಳ ಪ್ರಯಾಣ. ಕಲ್ಲಿನ ಮನೆಗಳು, ಕಲ್ಲಿನ ಬೇಲಿಗಳು, ಹಸಿರು ಹೊಲಗಳು, ಎಲ್ಲೆಲ್ಲೂ ಮೌನ. ಐದು ಸಾವಿರ ವರ್ಷಗಳಿಗೂ ಹಳೆಯದಾದ ಗ್ಗಂತಿಯಾ ದೇಗುಲಗಳನ್ನು ನೋಡಲು ಜನ ದೂರದಿಂದ ಬರುತ್ತಾರೆ, ನಾವೂ ನೋಡಿದೆವು. ಆದರೆ ನನ್ನ ಮನಸ್ಸು ನಿಂತದ್ದು ಬೇರೆಡೆ.

ನಾವು ತಂಗಿದ್ದ ಮನೆಯ ಒಡತಿ ಎಪ್ಪತ್ತು ದಾಟಿದ ಕ್ರೈಸ್ತ ಮಹಿಳೆ. ಮೊದಲ ಬೆಳಿಗ್ಗೆ ಆಕೆ ಮೇಜಿನ ಮೇಲೆ ರೊಟ್ಟಿಯನ್ನಿಟ್ಟು 'ಹೊಬ್ಜ್' ಎಂದಾಗ ನಾನು ಬೆರಗಾದೆ. ಹದಿನಾಲ್ಕು ವರ್ಷ ಜಿದ್ದಾದಲ್ಲಿ ದುಡಿದ ನನಗೆ 'ಖುಬ್ಜ್' ಹೊಸ ಪದವಲ್ಲ. ಸಮುದ್ರಕ್ಕೆ 'ಬಹರ್', ಮನೆಗೆ 'ದಾರ್'. ದೇವರಿಗೆ 'ಅಲ್ಲಾ'! ಈಸ್ಟರ್‌ಗೆ ಮುನ್ನ ಅವರು ಆಚರಿಸುವ ನಲವತ್ತು ದಿನಗಳ ವ್ರತಕಾಲಕ್ಕೆ 'ರಂದಾನ್' ಎನ್ನುತ್ತಾರೆ. ಕ್ರಿ.ಶ. 870ರಲ್ಲಿ ಉತ್ತರ ಆಫ್ರಿಕಾದ ಅರಬರು ಈ ದ್ವೀಪಗಳನ್ನು ಗೆದ್ದರು, 1091ರಲ್ಲಿ ನಾರ್ಮನ್ನರು ಬಂದರು, ಹದಿಮೂರನೆಯ ಶತಮಾನದಲ್ಲಿ ಮುಸ್ಲಿಮರನ್ನು ಹೊರಗಟ್ಟಲಾಯಿತು. ಹೋದವರು ಹೋದರು, ಭಾಷೆ ಉಳಿಯಿತು. ಸರಕಾರ ವಿಕ್ಟೋರಿಯಾ ಎಂದು ಹೆಸರಿಟ್ಟ ಪಟ್ಟಣವನ್ನು ಜನರು ಇಂದಿಗೂ 'ರಬಾತ್' ಎಂದೇ ಕರೆಯುತ್ತಾರೆ.

ಆ ರಬಾತ್‌ನ ನೆತ್ತಿಯ ಮೇಲೆ ಹಳೆಯ ಕೋಟೆಯಿದೆ. ಅದರೊಳಗಿನ ಪುರಾತತ್ವ ಸಂಗ್ರಹಾಲಯದಲ್ಲಿ ಒಂದು ಅಮೃತಶಿಲೆಯ ಹಲಗೆ. ಹಿಂಬದಿಯಲ್ಲಿ ರೋಮನ್ನರ ಕಾಲದ ಕೆತ್ತನೆ, ಮುಂಬದಿಯಲ್ಲಿ ಕೂಫಿ ಲಿಪಿ. ಊರಿನ ಮದ್ರಸದಲ್ಲಿ ಮಕ್ಕಳಿಗೆ ಕುರ್‌ಆನ್ ಓದಿಸಿದವನೆಂಬ ಹೆಮ್ಮೆಯಿಂದ ಓದಲು ಹೊರಟೆ. ಚುಕ್ಕೆಗಳಿಲ್ಲದ ಆ ಅಕ್ಷರಗಳಲ್ಲಿ ಒಂದು ಪದವೂ ನನಗೆ ದಕ್ಕಲಿಲ್ಲ. ನಾಚಿಕೆಯಾಯಿತು. ಕೊನೆಗೆ ಪತ್ನಿಯೇ ಗಾಜಿಗೆ ಮುಖವೊತ್ತಿ, "ಇಲ್ಲಿ ನೋಡಿ, ಬಿಸ್ಮಿಲ್ಲಾಹ್" ಎಂದಳು. ಉಳಿದುದನ್ನು ವಿವರಣೆಯಿಂದ ತಿಳಿದೆವು. ಅದು ಹಸ್ಸಾನ್ ಎಂಬವರ ಮಗಳು ಮೈಮೂನಾರ ಗೋರಿಗಲ್ಲು. ಹಿಜರಿ 569ರ ಶಅಬಾನ್ 16, ಗುರುವಾರ ಆಕೆ ಮರಣ ಹೊಂದಿದರು. ಕ್ರಿ.ಶ. 1174.

ಅಂದರೆ ನಾರ್ಮನ್ನರು ಬಂದು 83 ವರ್ಷಗಳ ಬಳಿಕವೂ ಇಲ್ಲೊಂದು ಮುಸ್ಲಿಮ್ ಕುಟುಂಬ ತನ್ನ ಮಗಳಿಗೆ ಇಂತಹ ಕಲ್ಲನ್ನು ಕೆತ್ತಿಸಿ ನಿಲ್ಲಿಸಬಲ್ಲುದಾಗಿತ್ತು. ರಮಝಾನ್‌ಗೆ ಇನ್ನು ಎರಡೇ ವಾರಗಳಿದ್ದವು. ಆಕೆಯ ವಯಸ್ಸೆಷ್ಟೋ, ತಾಯಿ ಬದುಕಿದ್ದರೋ, ಕಲ್ಲು ಹೇಳುವುದಿಲ್ಲ. ಅಲ್ಲಾಹನಿಗೆ ಸಮಾನರಿಲ್ಲವೆಂದು ಸಾಕ್ಷ್ಯ ನುಡಿಯುತ್ತಾ ತೀರಿಕೊಂಡರೆಂದು ಮಾತ್ರ ಹೇಳುತ್ತದೆ. ಕಬರ್ ಇಲ್ಲದ ಆ ಕಲ್ಲಿನ ಮುಂದೆ ನಿಂತು ದುಆ ಮಾಡಿದೆವು. ನಮ್ಮಿಂದಾಗಿ ಹಿಂದೆ ಸಾಲು ನಿಂತಿತ್ತು, ಯಾರೂ ಅವಸರಪಡಿಸಲಿಲ್ಲ.

ಹೊರಗೆ ಬಂದರೆ ಕೋಟೆಯ ಒಂದು ಭಾಗದಲ್ಲಿ ಛಾವಣಿಯಿಲ್ಲದ ಮನೆಗಳ ಗೋಡೆಗಳು. ಮಗ ಹೇಳಿದ ಕಥೆ ಕೇಳಿ ನನ್ನ ಹೆಜ್ಜೆ ಭಾರವಾಯಿತು. 1551ರ ಜುಲೈಯಲ್ಲಿ ಸಿನಾನ್ ಪಾಷಾ ಮತ್ತು ತುರ್ಗುತ್ ರಈಸ್‌ರ ಉಸ್ಮಾನಿ ನೌಕಾಪಡೆ ಈ ಕೋಟೆಯನ್ನು ಮುತ್ತಿತು. ಕೆಲವೇ ದಿನಗಳಲ್ಲಿ ಕೋಟೆ ಶರಣಾಯಿತು. ಸುಮಾರು ಐದು ಸಾವಿರ ಮಂದಿಯನ್ನು, ದ್ವೀಪದ ಹೆಚ್ಚುಕಡಿಮೆ ಎಲ್ಲರನ್ನೂ, ಗುಲಾಮರನ್ನಾಗಿ ಹಡಗಿಗೇರಿಸಿ ಸಾಗಿಸಿದರು. ಆ ಭಯ ಎಷ್ಟಿತ್ತೆಂದರೆ, 1637ರವರೆಗೂ ಜನರು ರಾತ್ರಿ ಈ ಗೋಡೆಗಳೊಳಗೇ ಮಲಗಬೇಕೆಂಬ ನಿಯಮವಿತ್ತು.

ತುರ್ಗುತ್‌ರ ಶೌರ್ಯದ ಕಥೆಗಳನ್ನು ಬಾಲ್ಯದಲ್ಲಿ ಓದಿ ರೋಮಾಂಚನಗೊಂಡವನು ನಾನು. ಆ ಪುಸ್ತಕಗಳಲ್ಲಿ ಈ ಕೋಟೆ ಒಂದು ಗೆಲುವಿನ ಹೆಸರು ಮಾತ್ರವಾಗಿತ್ತು. ಅಲ್ಲಿ ತಾಯಂದಿರಿದ್ದರು ಎಂಬುದನ್ನು ತಿಳಿಯಲು ನಾನು ಅರುವತ್ತನೆಯ ವಯಸ್ಸಿನಲ್ಲಿ ಇಲ್ಲಿಗೆ ಬರಬೇಕಾಯಿತು.

ಸಂಜೆ ಮನೆಯೊಡತಿ ಎಲ್ಲಿಗೆ ಹೋಗಿದ್ದಿರೆಂದು ವಿಚಾರಿಸಿದರು. ಮೈಮೂನಾರ ಬಗ್ಗೆ ಹೇಳಿದೆ. ಕೋಟೆಯ ಬಗ್ಗೆ ಸುಮ್ಮನಿರಬಹುದಿತ್ತು, ಆದರೆ ಆಗಲಿಲ್ಲ.

"ಅಂದು ಬಂದವರು ನಿಮ್ಮ ಜನರೇ?" ಎಂದು ಆಕೆ ಕೇಳಿದರು. ದನಿಯಲ್ಲಿ ಕಹಿಯಿರಲಿಲ್ಲ.

"ನನ್ನ ಕಲಿಮಾವನ್ನೇ ಹೇಳುವವರು," ಎಂದೆ. "ಮಾಡಿದ್ದು ಅನ್ಯಾಯ."

ಆಕೆ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಾ ಕುಳಿತರು. ಆಮೇಲೆ ರೊಟ್ಟಿಯನ್ನು ಕೊಯ್ದು, ಮೊದಲ ತುಂಡನ್ನು ನನ್ನ ಪತ್ನಿಯ ತಟ್ಟೆಗಿಟ್ಟು, ನಾಳೆ ಹಡಗು ಎಷ್ಟು ಗಂಟೆಗೆ ಎಂದು ಕೇಳಿದರು.