ಅದೇ ಮುಖ, ಅದೇ ಮಾತು

ಕನ್ನಡ ಪಾಠ ಹೇಳುವವನಿಗೂ ಅಮೆರಿಕದ ಭಯಾನಕ ಚಿತ್ರಗಳಿಗೂ ಏನು ನಂಟು ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳಿದಳು. ಕಳೆದ ದಸರೆಯ ರಜೆಯಲ್ಲಿ ಉತ್ತರಪತ್ರಿಕೆಗಳ ಕಟ್ಟನ್ನು ಪಕ್ಕಕ್ಕೆ ಸರಿಸಿ, ಒಂದೇ ಕಥೆಯ ನಾಲ್ಕು ಚಿತ್ರಗಳನ್ನು ನಾಲ್ಕು ರಾತ್ರಿ ಕುಳಿತು ನೋಡಿದೆ.

ಕಥೆ ಜ್ಯಾಕ್ ಫಿನ್ನಿಯದು. ಮೊದಲ ಚಿತ್ರ ‘ಇನ್‌ವೇಷನ್ ಆಫ್ ದಿ ಬಾಡಿ ಸ್ನ್ಯಾಚರ್ಸ್’ 1956ರದು. ನಿರ್ದೇಶಕ ಡಾನ್ ಸೀಗಲ್. ಆಕಾಶದಿಂದ ಬಂದ ಬೀಜಗಳು ಸಣ್ಣದೊಂದು ಊರಿನಲ್ಲಿ ಬೇರೂರಿ ದೊಡ್ಡ ದೊಡ್ಡ ಕಾಯಿ ಬಿಡುತ್ತವೆ. ಮನುಷ್ಯ ನಿದ್ದೆ ಹೋದಾಗ ಕಾಯಿ ಅವನ ರೂಪ ತಾಳುತ್ತದೆ. ಬೆಳಗಾದರೆ ಅದೇ ಮುಖ, ಅದೇ ದನಿ, ಅದೇ ನೆನಪು. ಪ್ರೀತಿ ಮಾತ್ರ ಇಲ್ಲ. ವಿಲ್ಮಾ ಎಂಬ ಹೆಂಗಸು ತನ್ನ ಚಿಕ್ಕಪ್ಪನನ್ನು ತೋರಿಸಿ, ಇವರು ನನ್ನ ಚಿಕ್ಕಪ್ಪನಲ್ಲ ಎನ್ನುತ್ತಾಳೆ. ಎಲ್ಲವೂ ಸರಿಯಾಗಿದೆ, ಕಣ್ಣಿನಲ್ಲಿದ್ದ ಅಕ್ಕರೆಯೊಂದು ಕಾಣೆಯಾಗಿದೆ. ನನ್ನ ಎದೆ ಝಲ್ಲೆಂದದ್ದು ಅಲ್ಲಿ.

ಏಕೆಂದರೆ ನನಗೂ ಒಬ್ಬ ಅಣ್ಣನಿದ್ದಾನೆ. ಆರು ವರ್ಷದ ಕೆಳಗೆ ಊರಿನ ತೋಟ ಹಿಸ್ಸೆಯಾಯಿತು. ಜಗಳವೇನೂ ಆಗಲಿಲ್ಲ, ಬಾವಿಯ ಪಕ್ಕದ ಎಂಟು ತೆಂಗಿನ ಮರ ಯಾರಿಗೆ ಎಂಬಲ್ಲಿ ಎರಡು ಮಾತು ಬಂದವು, ಅಷ್ಟೆ. ಹಬ್ಬಕ್ಕೆ ಈಗಲೂ ಹೋಗುತ್ತೇನೆ. “ಬಂದೆಯಾ? ಊಟಕ್ಕೇಳು” ಎನ್ನುತ್ತಾನೆ. ಮೊದಲೂ ಇದೇ ಮಾತು. ಆದರೂ, ಇವನು ನನ್ನ ಅಣ್ಣನಲ್ಲ ಎಂದು ಹಿಂದಿರುಗುವ ಬಸ್ಸಿನಲ್ಲಿ ಪ್ರತಿಸಲವೂ ಅನ್ನಿಸಿದೆ.

1956ರ ಚಿತ್ರದ ವೈದ್ಯ ಕೊನೆಯವರೆಗೂ ಮನುಷ್ಯನಾಗಿಯೇ ಉಳಿಯುತ್ತಾನೆ. ಅವನು ಹೆದ್ದಾರಿಯಲ್ಲಿ ನಿಂತು ಕೂಗುವಲ್ಲಿಗೆ ಮುಗಿಸಬೇಕೆಂದು ಸೀಗಲ್‌ಗೆ ಮನಸ್ಸಿತ್ತು. ಚಿತ್ರಸಂಸ್ಥೆ ಒಪ್ಪದೆ ಸಮಾಧಾನದ ಮುಕ್ತಾಯವೊಂದನ್ನು ಅಂಟಿಸಿತು. ಹೇಗಾದರೂ ನೋಡುವವನಿಗೊಂದು ಧೈರ್ಯವಿದೆ: ಬದಲಾದವರು ಅವರು, ನಾವಲ್ಲ.

1978ರಲ್ಲಿ ಫಿಲಿಪ್ ಕೌಫ್‌ಮನ್ ಆ ಧೈರ್ಯವನ್ನೂ ಕಿತ್ತುಕೊಂಡ. ಅವನ ಕಥೆ ನಡೆಯುವುದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಯಾರು ಯಾರನ್ನೂ ಅರಿಯದ ಮಹಾನಗರದಲ್ಲಿ ಬದಲಾದವರನ್ನು ಗುರುತಿಸುವುದು ಹೇಗೆ? ಹಳೆಯ ಚಿತ್ರದ ನಾಯಕ ಕೆವಿನ್ ಮೆಕಾರ್ಥಿಯೇ ಬೀದಿಯಲ್ಲಿ ಎಚ್ಚರಿಸುತ್ತ ಓಡಿಬಂದರೂ ಕೇಳುವವರಿಲ್ಲ. ಕೊನೆಗೆ, ಉಳಿದ ಗೆಳತಿಯೊಬ್ಬಳು ನಾಯಕನನ್ನು ಕಂಡು ಆಸೆಯಿಂದ ಹತ್ತಿರ ಬರುತ್ತಾಳೆ. ಡೊನಾಲ್ಡ್ ಸದರ್ಲೆಂಡ್ ಅವಳತ್ತ ಬೆರಳು ಚಾಚಿ, ಮನುಷ್ಯರದಲ್ಲದ ದನಿಯಲ್ಲಿ ಕಿರುಚುತ್ತಾನೆ. ಇಷ್ಟು ಹೊತ್ತು ನಾವು ಯಾರ ಕಣ್ಣಿನಿಂದ ನೋಡುತ್ತಿದ್ದೆವೋ ಅವನೇ ಈಗ ಅವರವನು!

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಣ್ಣನ ಕಣ್ಣನ್ನು ಆರು ವರ್ಷ ಪರೀಕ್ಷಿಸಿದೆ. ನನ್ನ ಕಣ್ಣಿನಲ್ಲಿ ಅವನಿಗೆ ಏನು ಕಂಡಿತೋ! ಆ ಎಂಟು ಮರಗಳನ್ನು ಮೊದಲು ಎಣಿಸಿದವನು ನಾನೇ.

1993ರ ಏಬಲ್ ಫೆರಾರಾನ ಚಿತ್ರ ಕಥೆಯನ್ನು ಸೈನಿಕ ನೆಲೆಗೆ ಒಯ್ಯಿತು. ಮೊದಲೇ ಎಲ್ಲರೂ ಒಂದೇ ಉಡುಪಿನಲ್ಲಿ ಒಂದೇ ಹೆಜ್ಜೆ ಹಾಕುವ ಜಾಗ. 2007ರದು ವಾಷಿಂಗ್ಟನ್ನಿನಲ್ಲಿ ನಡೆಯುತ್ತದೆ. ಅಲ್ಲಿ ಕಾಯಿಯಿಲ್ಲ, ರೋಗಾಣುವಿದೆ. ಮದ್ದು ಸಿಕ್ಕಿ ಜನರೆಲ್ಲ ಮೊದಲಿನಂತಾಗುತ್ತಾರೆ. ನಾಲ್ಕರಲ್ಲಿ ಬಡವಾದದ್ದು ಇದೇ. ತರಗತಿಯಲ್ಲಾದರೆ ಹಾಗೆಂದೇ ಹೇಳುತ್ತಿದ್ದೆ. ಆದರೆ ಅಂದು ಅದರ ಮೇಲೆ ಸಿಟ್ಟು ಬರಲಿಲ್ಲ.

ಬೆಳಗ್ಗೆ ಅಣ್ಣನಿಗೆ ಫೋನು ಮಾಡಿದೆ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ನನ್ನ ದನಿ ಕೇಳುತ್ತಲೇ, “ಯಾಕೋ, ಹುಷಾರಾಗಿದ್ದೀಯೇನೋ?” ಎಂದ. ಆ ಗಾಬರಿ ನನ್ನ ಹಳೆಯ ಅಣ್ಣನದೇ.

“ಏನಿಲ್ಲ ಅಣ್ಣ, ಸುಮ್ಮನೆ ಮಾಡಿದೆ” ಎಂದೆ.